ಶ್ವಿತ್ರ ಅಥವಾ ತೊನ್ನು: ಅದರ ಕಾರಣವೂ ಚಿಕಿತ್ಸೆಯೂ

(ಚಿಕ್ಕಯ್ಯನಛತ್ರದಲ್ಲಿ ಭಕ್ತಾದಿಗಳ ಸಭೆಯಲ್ಲಿ ವೈದ್ಯರೊಬ್ಬರು ಮಾಡಿದ ಉಪನ್ಯಾಸ)



ಮಹೋತ್ಸವದ ಸಭೆಯಲ್ಲಿ ರೋಗದ ಮಾತೇಕೆಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಆದರೆ ನಾವು ಸೇರಿರುವ ಸ್ಥಳವನ್ನು ನೆನೆದರೆ ಆ ಶಂಕೆಯು ಉಳಿಯಲಾರದು. ಛತ್ರವೆಂಬುದು ದಾರಿಗರು ತಂಗುವ ಸ್ಥಳ. ಈ ಊರಿಗೆ ಒಂದು ಕಡೆ ನಂಜನಗೂಡು, ಮತ್ತೊಂದು ಕಡೆ ತಿರುಮಕೂಡಲು ನರಸೀಪುರ. ನಂಜನ್ನುಂಡ ಸ್ವಾಮಿಯು ವ್ಯಾಧಿಗಳನ್ನು ಪರಿಹರಿಸುವನೆಂಬ ನಂಬಿಕೆಯಿಂದ ಕಪಿಲೆಯಲ್ಲಿ ಮಿಂದು, ಶ್ರೀಕಂಠೇಶ್ವರನಿಗೆ ಉರುಳುಸೇವೆಯ ಹರಕೆಯನ್ನು ಹೊತ್ತು ಬರುವವರಲ್ಲಿ ಮೈಮೇಲೆ ಮಚ್ಚೆಯೆದ್ದವರೂ ಇರುವರು. ಟಿಪ್ಪು ಸುಲ್ತಾನನು ತನ್ನ ಆನೆಯ ಕಣ್ಣು ವಾಸಿಯಾದುದಕ್ಕಾಗಿ ಈ ದೇವರನ್ನು ಹಕೀಂ ನಂಜುಂಡನೆಂದು ಕರೆದನೆಂಬ ಐತಿಹ್ಯವನ್ನು ತಾವೆಲ್ಲರೂ ಕೇಳಿರುವಿರಿ. ನರಸೀಪುರ ತಾಲ್ಲೂಕಿನ ತಲಕಾಡಿನಲ್ಲಿಯಂತೂ ಈಶ್ವರನಿಗೆ ವೈದ್ಯನಾಥನೆಂದೇ ಹೆಸರು. ಬೇಡರ ಕೊಡಲಿಯೇಟಿನಿಂದ ತನಗಾದ ಗಾಯಕ್ಕೆ ಆ ಮರದ ಎಲೆಯನ್ನೇ ಕಟ್ಟಿರೆಂದು ಸ್ವಾಮಿಯು ತಾನೇ ಚಿಕಿತ್ಸೆಯನ್ನು ಹೇಳಿದನೆಂಬುದು ಅಲ್ಲಿಯ ಸ್ಥಳಕಥೆ. ದೇವರೇ ಔಷಧವನ್ನು ಕಟ್ಟಿಸಿಕೊಂಡ ಸೀಮೆಯಲ್ಲಿ ಔಷಧದ ಮಾತನ್ನಾಡುವುದು ಅನುಚಿತವಾಗಲಾರದಷ್ಟೆ.

ನಾನು ವಿಜ್ಞಾಪಿಸಬೇಕೆಂದಿರುವುದು ತೊನ್ನಿನ ವಿಷಯ. ಇದಕ್ಕೆ ಬಿಳುಪು ಎಂದೂ, ಸಂಸ್ಕೃತದಲ್ಲಿ ಶ್ವಿತ್ರ, ಕಿಲಾಸ ಎಂದೂ, ಪಾಶ್ಚಾತ್ಯ ವೈದ್ಯದಲ್ಲಿ ವಿಟಿಲಿಗೊ ಎಂದೂ ಹೆಸರುಗಳುಂಟು. ಇವುಗಳಲ್ಲಿ ಯಾವುದರಿಂದಲೂ ತೊಂದರೆಯಿಲ್ಲ. ತೊಂದರೆಯೆಲ್ಲವೂ ಶ್ವೇತಕುಷ್ಠ ಎಂಬ ಇನ್ನೊಂದು ಹೆಸರಿನಿಂದ ಬಂದಿರುವುದು. ಕುಷ್ಠವೆಂಬ ಮಾತು ಕಿವಿಗೆ ಬಿದ್ದೊಡನೆಯೇ ಜನರು ಒಂದು ಹೆಜ್ಜೆ ಹಿಂದೆ ಸರಿಯುವರು. ಮನೆಯಲ್ಲಿ ತಟ್ಟೆ ಬೇರೆಯಾಗುವುದು, ಹಾಸಿಗೆ ಬೇರೆಯಾಗುವುದು, ಹೆಣ್ಣುಮಗಳಾದರೆ ಅವಳ ಅಕ್ಕತಂಗಿಯರ ಸಂಬಂಧಗಳೂ ಮುರಿದುಬೀಳುವುವು. ತೊನ್ನಿನಿಂದ ಪ್ರಾಣಕ್ಕೆ ಅಪಾಯವಿಲ್ಲ, ನೋವಿಲ್ಲ, ಕೈಕಾಲುಗಳ ಶಕ್ತಿಗೆ ಕುಂದಿಲ್ಲ. ಆದರೂ ಬದುಕಿನ ಆಸೆಯನ್ನೇ ತೊರೆದು ಬಂದ ತೊನ್ನಿನ ರೋಗಿಗಳನ್ನು ನಾನು ನೋಡಿದ್ದೇನೆ. ಅವರನ್ನು ಆ ಸ್ಥಿತಿಗೆ ತಂದುದು ಚರ್ಮದ ರೋಗವಲ್ಲ, ಹೆಸರು.

ಈ ಹೆಸರು ಹೇಗೆ ಅಂಟಿಕೊಂಡಿತೆಂಬುದನ್ನು ಸ್ವಲ್ಪ ವಿಚಾರಿಸೋಣ. ನಮ್ಮ ಪ್ರಾಚೀನ ವೈದ್ಯಗ್ರಂಥಗಳಲ್ಲಿ ಕುಷ್ಠವೆಂದರೆ ಒಂದೇ ರೋಗವಲ್ಲ. ಚರ್ಮವನ್ನು ಕೆಡಿಸುವ ಹದಿನೆಂಟು ಬಗೆಯ ವ್ಯಾಧಿಗಳನ್ನು ಆ ಹೆಸರಿನಡಿಯಲ್ಲಿ ಎಣಿಸಿದ್ದಾರೆ. ಗಜಕರ್ಣದಂತಹ ಸಾಮಾನ್ಯ ರೋಗಗಳನ್ನೂ ಅದರಲ್ಲಿಯೇ ಸೇರಿಸಿರುವರು. ಚರಕಸಂಹಿತೆಯಲ್ಲಿ ಶ್ವಿತ್ರದ ವಿಚಾರವು ಕುಷ್ಠಚಿಕಿತ್ಸೆಯ ಅಧ್ಯಾಯದ ಕೊನೆಗೆ ಬರುವುದು. ಸುಶ್ರುತನು ಒಂದು ಹೆಜ್ಜೆ ಮುಂದೆ ಹೋಗಿ, ಕಿಲಾಸವು ಚರ್ಮದಲ್ಲಿ ಮಾತ್ರವೇ ಇರತಕ್ಕದ್ದು, ಅದರಿಂದ ಸ್ರಾವವಿಲ್ಲ ಎಂದು ಕುಷ್ಠಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳಿದ್ದಾನೆ. ಅಷ್ಟು ಹಿಂದಿನ ಕಾಲದಲ್ಲಿ ಬರಿಗಣ್ಣಿನಿಂದ ನೋಡಿ ಆತನು ಕಂಡ ಈ ಭೇದವು ಇಂದಿಗೂ ಸರಿಯಾಗಿಯೇ ಇದೆ. ಕಾಲಕ್ರಮದಲ್ಲಿ ಕುಷ್ಠವೆಂಬ ಪದವು ಬೆರಳುಗಳನ್ನು ಮೊಂಡುಮಾಡುವ ಒಂದು ರೋಗಕ್ಕೇ ರೂಢಿಯಾಯಿತು. ಶ್ವೇತಕುಷ್ಠವೆಂಬ ಮಾತು ಮಾತ್ರ ಹಾಗೆಯೇ ಉಳಿದು, ನಿರಪರಾಧಿಯ ತಲೆಯ ಮೇಲೆ ಇನ್ನೊಬ್ಬರ ಹೊರೆಯನ್ನು ಹೊರಿಸಿತು. ಇದು ನಮ್ಮ ದೇಶದಲ್ಲಿ ಮಾತ್ರ ಆದುದಲ್ಲ. ಯೆಹೂದ್ಯರ ಧರ್ಮಗ್ರಂಥದಲ್ಲಿ ಬಿಳಿಯ ಮಚ್ಚೆಗಳಿಗೂ ಇತರ ಚರ್ಮದೋಷಗಳಿಗೂ ಇದ್ದ ಒಂದು ಸಾಮಾನ್ಯ ಪದವನ್ನು ಗ್ರೀಕರೂ ಆಮೇಲಿನವರೂ ಭಾಷಾಂತರಿಸುತ್ತ ಬಂದಾಗ, ಅದು ಕುಷ್ಠಕ್ಕೇ ಅರ್ಥವಾಗಿ ನಿಂತು, ಪಶ್ಚಿಮ ದೇಶಗಳಲ್ಲಿಯೂ ಇದೇ ಗೊಂದಲವನ್ನು ಎಬ್ಬಿಸಿತು.

ಚರಕಸಂಹಿತೆಯ ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಕಿಲಾಸಕ್ಕೆ ಕಾರಣಗಳನ್ನು ಹೇಳುವಾಗ ಅಲ್ಲಿ ವಿರುದ್ಧಾಹಾರದ ಜೊತೆಗೆ ಅಸತ್ಯ, ಕೃತಘ್ನತೆ, ದೇವನಿಂದೆ, ಗುರುದ್ರೋಹ, ಪೂರ್ವಜನ್ಮದ ಕರ್ಮ ಇವುಗಳನ್ನೂ ಎಣಿಸಿದೆ. ಆ ಗ್ರಂಥದ ಮೇಲೆ ನನಗೆ ಅಪಾರವಾದ ಗೌರವವುಂಟು. ರೋಗಿಯನ್ನು ನೋಡುವ ಕ್ರಮವನ್ನು ಅದು ಕಲಿಸಿದಷ್ಟು ವಿಶದವಾಗಿ ಕಲಿಸಿದ ಪ್ರಾಚೀನ ಗ್ರಂಥಗಳು ವಿರಳ. ಆದರೆ ಈ ಒಂದು ಮಾತನ್ನು ನಾನು ಒಪ್ಪಲಾರೆನು. ನಾಲ್ಕು ವರ್ಷದ ಮಗುವಿನ ಮೊಣಕಾಲಿನ ಮೇಲೆ ಬಿಳುಪು ಕಾಣಿಸಿಕೊಂಡರೆ ಆ ಮಗುವು ಯಾವ ಗುರುವಿಗೆ ದ್ರೋಹವನ್ನು ಮಾಡಿತ್ತು? ಸೂತಕಗಳನ್ನು ಒಲ್ಲದ ಶರಣರ ಪರಂಪರೆಗೆ ಸೇರಿದವರ ಮನೆಗಳಲ್ಲಿಯೂ ತೊನ್ನಿನವರನ್ನು ಶುಭಕಾರ್ಯಗಳಿಂದ ದೂರವಿಡುವುದನ್ನು ನೋಡಿದಾಗ ನನಗೆ ಬಹಳ ವ್ಯಥೆಯಾಗುವುದು.

ಹಾಗಾದರೆ ನಿಜವಾದ ಕಾರಣವೇನು? ನಮ್ಮ ಚರ್ಮದ ಮೇಲ್ಪದರವನ್ನು ಹೊಲಕ್ಕೆ ಹೋಲಿಸಿದರೆ, ಅದರ ತಳದಲ್ಲಿ ಅಲ್ಲಲ್ಲಿ ವರ್ಣಕೋಶಗಳೆಂಬ ಸೂಕ್ಷ್ಮ ಕಣಗಳು ಬೇರೂರಿಕೊಂಡಿರುವುವು. ಒಂದೊಂದು ಕೋಶವೂ ತನ್ನ ತೋಳುಗಳನ್ನು ಚಾಚಿ ಸುತ್ತಲಿನ ಸುಮಾರು 36 ಕಣಗಳಿಗೆ ಮೆಲನಿನ್ ಎಂಬ ಕಪ್ಪುಬಣ್ಣವನ್ನು ಹಂಚುವುದು. ಕರಿಯನಾಗಲಿ ಬಿಳಿಯನಾಗಲಿ, ಮನುಷ್ಯರೆಲ್ಲರಲ್ಲಿಯೂ ಈ ಕೋಶಗಳ ಸಂಖ್ಯೆಯು ಹೆಚ್ಚುಕಡಿಮೆ ಒಂದೇ. ಅವು ಎಷ್ಟು ಬಣ್ಣವನ್ನು ತಯಾರಿಸುವುವೆಂಬುದರಲ್ಲಿ ಮಾತ್ರ ಭೇದ. ತೊನ್ನಿನಲ್ಲಿ ಆಗುವುದೇನೆಂದರೆ, ಒಂದು ಜಾಗದ ವರ್ಣಕೋಶಗಳು ನಾಶವಾಗಿ ಅಲ್ಲಿ ಬಣ್ಣವನ್ನು ಹಂಚುವವರೇ ಇಲ್ಲವಾಗುವರು. ಚರ್ಮವು ಮಿಕ್ಕೆಲ್ಲ ವಿಧದಲ್ಲಿಯೂ ಆರೋಗ್ಯವಾಗಿರುವುದು. ಸ್ಪರ್ಶ, ಬೆವರು, ಶೀತೋಷ್ಣಗಳ ಅರಿವು ಎಲ್ಲವೂ ಇರುವುವು.

ಆ ಕೋಶಗಳನ್ನು ನಾಶಮಾಡುವವರು ಯಾರೆಂದರೆ, ನಮ್ಮ ಶರೀರದ ಕಾವಲುಗಾರರೇ. ರಕ್ತದಲ್ಲಿರುವ ಬಿಳಿಯ ಕಣಗಳಲ್ಲಿ ಹೊರಗಿನ ಶತ್ರುಗಳನ್ನು ಕೊಲ್ಲುವ ಒಂದು ಪಂಗಡವುಂಟು. ಅದು ಯಾವುದೋ ಕಾರಣದಿಂದ ಸ್ವಂತ ವರ್ಣಕೋಶಗಳನ್ನೇ ಶತ್ರುಗಳೆಂದು ಬಗೆದು ಮೇಲೆ ಬೀಳುವುದು. ಆದುದರಿಂದಲೇ ತೊನ್ನಿನ ರೋಗಿಗಳಲ್ಲಿ ಕೆಲವರಿಗೆ ಥೈರಾಯ್ಡ್ ಗ್ರಂಥಿಯ ರೋಗ, ತಲೆಗೂದಲು ದುಂಡಾಗಿ ಉದುರುವ ರೋಗ, ಚಿಕ್ಕವಯಸ್ಸಿನ ಸಿಹಿಮೂತ್ರ ಇವುಗಳೂ ಜೊತೆಗೂಡುವುವು. ಅವೂ ಇದೇ ಜಾತಿಯ ಒಳಜಗಳಗಳು. ತೊನ್ನಿನವರು ಥೈರಾಯ್ಡಿಗಾಗಿ ರಕ್ತಪರೀಕ್ಷೆಯನ್ನು ಮಾಡಿಸಿಕೊಳ್ಳುವುದು ಒಳ್ಳೆಯದೆಂದು ವೈದ್ಯರು ಹೇಳುವುದು ಈ ಕಾರಣಕ್ಕಾಗಿ. ರೋಗಾಣುವಿನಿಂದ ಹುಟ್ಟತಕ್ಕದ್ದಲ್ಲವಾದುದರಿಂದ ಇದು ಮುಟ್ಟಿದರೆ ಅಂಟುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೆ ಅಂಟುವುದಿಲ್ಲ, ಗಂಡಹೆಂಡಿರೊಳಗೆ ಅಂಟುವುದಿಲ್ಲ.

ಇದು ಅಪರೂಪದ ರೋಗವೂ ಅಲ್ಲ. ಇನ್ನೂರು ಜನರು ಸೇರಿದ ಕಡೆ ಒಬ್ಬರಿಗೋ ಇಬ್ಬರಿಗೋ ಇರಬಹುದೆಂದು ಲೆಕ್ಕ. ಈ ಸಭೆಯನ್ನು ನೋಡಿದರೆ, ಬಟ್ಟೆಯ ಮರೆಯಲ್ಲಿ ಇಟ್ಟುಕೊಂಡು ಕುಳಿತಿರುವವರು ಇಲ್ಲಿಯೇ ಕೆಲವರಿರಬಹುದು. ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇಪ್ಪತ್ತು ವರ್ಷ ತುಂಬುವುದರೊಳಗಾಗಿಯೇ, ಎಂದರೆ ಓದುವ ಮತ್ತು ಮದುವೆಯ ವಯಸ್ಸಿನಲ್ಲಿಯೇ, ಇದು ಆರಂಭವಾಗುವುದು. ಅಮೆರಿಕಾದ ಗಾಯಕನಾಗಿದ್ದ ಮೈಕೇಲ್ ಜಾಕ್ಸನ್ ತನ್ನ ಜನಾಂಗದ ಬಣ್ಣಕ್ಕೆ ನಾಚಿ ಚರ್ಮವನ್ನು ಬಿಳುಪು ಮಾಡಿಸಿಕೊಂಡನೆಂದು ಲೋಕವೆಲ್ಲ ಆಡಿಕೊಂಡಿತು. ತನಗಿರುವುದು ಈ ರೋಗವೆಂದು ಅವನು 1993ರಲ್ಲಿ ಹೇಳಿದರೂ ಬಹು ಜನರು ನಂಬಲಿಲ್ಲ. 2009ರಲ್ಲಿ ಅವನು ತೀರಿಕೊಂಡ ಮೇಲೆ ಶವಪರೀಕ್ಷೆಯಲ್ಲಿ ಅದು ನಿಶ್ಚಯವಾಯಿತು.

ಮದುವೆಯ ಮಾತು ಬಂದುದರಿಂದ, ವಂಶಪಾರಂಪರ್ಯದ ವಿಷಯವನ್ನು ಇಲ್ಲಿಯೇ ಮುಗಿಸುವೆನು. ಹಿರಿಯರು ನನ್ನನ್ನು ಒಳಗೆ ಕರೆದು ಕೇಳುವ ಪ್ರಶ್ನೆಯು ಸಾಮಾನ್ಯವಾಗಿ ಇದೊಂದೇ. ಒಲವು ರಕ್ತದಲ್ಲಿ ಬರುವುದೆಂಬುದು ನಿಜ. ಆದರೆ ಅದೇ ವಿಧಿಲಿಖಿತವಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ರಕ್ತಗುಣವು ಪೂರ್ತಿಯಾಗಿ ಒಂದೇ ಆಗಿರುವುದಷ್ಟೆ. ಅಂತಹವರಲ್ಲಿ ಒಬ್ಬರಿಗೆ ತೊನ್ನು ಬಂದಾಗ ಇನ್ನೊಬ್ಬರಿಗೂ ಬಂದುದು ನೂರಕ್ಕೆ 23 ಕಡೆ ಮಾತ್ರವೆಂದು 2003ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆಯಲ್ಲಿ ಕಂಡುಬಂದಿತು. ರೋಗಿಗಳ ಒಡಹುಟ್ಟಿದವರಲ್ಲಿ ಅದು ನೂರಕ್ಕೆ ಆರರಷ್ಟು. ಎಂದರೆ, ತೊನ್ನುಳ್ಳವರ ತಮ್ಮ ತಂಗಿಯರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ಇದು ಬರುವುದೇ ಇಲ್ಲ. ಸಿಹಿಮೂತ್ರವಿರುವ ಮನೆತನದಿಂದ ಹೆಣ್ಣು ತರಲು ಅಂಜದವರು ತೊನ್ನಿಗೆ ಅಂಜುವುದು ಯಾವ ಲೆಕ್ಕದಿಂದಲೋ ನಾನರಿಯೆ.

ಈಗ ಅತ್ಯಂತ ಮುಖ್ಯವಾದ ಮಾತು. ತೊನ್ನನ್ನು ಕುಷ್ಠವೆಂದು ಭ್ರಮಿಸಿ ಅಂಜುವುದು ಒಂದು ತಪ್ಪು. ಕುಷ್ಠವನ್ನು ತೊನ್ನೆಂದು ಭ್ರಮಿಸಿ ಸುಮ್ಮನಿರುವುದು ಅದಕ್ಕಿಂತ ದೊಡ್ಡ ತಪ್ಪು. ಬಿಳುಪಾಗಿ ಕಾಣುವ ಮಚ್ಚೆಗಳೆಲ್ಲವೂ ಒಂದೇ ಅಲ್ಲ. ಚಿಕ್ಕ ಮಕ್ಕಳ ಕೆನ್ನೆಯ ಮೇಲೆ ಒಣಗಿದಂತೆ ತಿಳಿಯಾಗಿ ಬರುವ ಮಚ್ಚೆಯನ್ನು ಹೊಟ್ಟೆಹುಳುವಿನದೆಂದು ಹೇಳುವರು. ಅದು ಬರಿಯ ಒಣಚರ್ಮದ ದೋಷ, ಎಣ್ಣೆಯ ಲೇಪದಿಂದಲೂ ಕಾಲದಿಂದಲೂ ಹೋಗುವುದು. ಬೆವರುವವರ ಎದೆ ಬೆನ್ನು ಕತ್ತುಗಳ ಮೇಲೆ ಸಣ್ಣ ಹೊಟ್ಟಿನೊಡನೆ ಚದುರಿ ಬರುವುದು ಚಿಬ್ಬು. ಅದು ಬೂಷ್ಟಿನ ಜಾತಿಯ ಒಂದು ಜೀವಿಯಿಂದ ಆಗತಕ್ಕದ್ದು. ಕೆಲವು ವಾರಗಳ ಔಷಧದಿಂದ ವಾಸಿಯಾಗುವುದಾದರೂ ಬಣ್ಣವು ತುಂಬಿಕೊಳ್ಳಲು ತಿಂಗಳುಗಳು ಹಿಡಿಯುವುವು. ತೊನ್ನಿನ ಮಚ್ಚೆಯು ಹಾಲಿನಂತೆ ಅಚ್ಚ ಬಿಳುಪು, ಅಂಚು ಸ್ಪಷ್ಟ, ಹೊಟ್ಟಿಲ್ಲ. ಕುಷ್ಠದ ಮಚ್ಚೆಯು ಹಾಗಲ್ಲ; ಅದು ಪೂರ್ತಿ ಬಿಳುಪಾಗದೆ ಮಂಕಾಗಿ ಅಥವಾ ತಾಮ್ರದ ಛಾಯೆಯಿಂದ ಇರುವುದು, ಅಲ್ಲಿ ಬೆವರು ಕಡಮೆ, ಕೂದಲು ಉದುರಿರಬಹುದು, ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿ ಸ್ಪರ್ಶಜ್ಞಾನವು ಕುಗ್ಗಿರುವುದು.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ರೋಗಿಯು ಕಣ್ಣು ಮುಚ್ಚಿಕೊಳ್ಳಲಿ. ಹತ್ತಿಯ ಒಂದು ಎಳೆಯನ್ನು ಹೊಸೆದು ತುದಿಯಿಂದ ಮೊದಲು ಒಳ್ಳೆಯ ಚರ್ಮವನ್ನೂ ಆಮೇಲೆ ಮಚ್ಚೆಯ ನಡುವನ್ನೂ ಮೆಲ್ಲಗೆ ಸೋಕಿಸಿರಿ. ಎಲ್ಲಿ ಸೋಕಿತೆಂದು ಬೆರಳಿಟ್ಟು ತೋರಿಸಬೇಕು. ಒಳ್ಳೆಯ ಚರ್ಮದ ಮೇಲೆ ತೋರಿಸಿ, ಮಚ್ಚೆಯ ಮೇಲೆ ಸೋಕಿದುದೇ ತಿಳಿಯದೆ ಹೋದರೆ, ಆ ದಿನವೇ ಸರ್ಕಾರಿ ಆಸ್ಪತ್ರೆಗೆ ಹೊರಡತಕ್ಕದ್ದು. ಸ್ಪರ್ಶವು ಸರಿಯಾಗಿದ್ದ ಮಾತ್ರಕ್ಕೆ ಕುಷ್ಠವಿಲ್ಲವೆಂದು ನಿಶ್ಚಯಿಸಲಾಗದು. ಮುಖದ ಮೇಲಿನ ಮಚ್ಚೆಗಳಲ್ಲಿಯೂ ಕೆಲವು ಬಗೆಯ ರೋಗದಲ್ಲಿಯೂ ಸ್ಪರ್ಶವು ಬಹುಕಾಲ ಉಳಿದಿರುವುದುಂಟು. ಆದಕಾರಣ ಹೊಸ ಮಚ್ಚೆ ಯಾವುದೇ ಆಗಲಿ ವೈದ್ಯರ ಕಣ್ಣಿಗೆ ಒಮ್ಮೆ ಬೀಳಬೇಕು. ಮುಂಗೈಯ ಮೇಲಿನ ಮಚ್ಚೆಯನ್ನು ತೊನ್ನೆಂದು ನಂಬಿ ಎರಡು ವರ್ಷ ಎಣ್ಣೆಯನ್ನು ಹಚ್ಚಿಕೊಂಡು, ಕಿರುಬೆರಳು ಮಡಿಸಿಕೊಂಡು ಬಿಡಿಸಲಾಗದೆ ಹೋದ ಮೇಲೆ ಬಂದ ಯುವಕನೊಬ್ಬನನ್ನು ನಾನು ಬಲ್ಲೆನು. ರೋಗವು ವಾಸಿಯಾಯಿತು, ಬೆರಳು ನೆಟ್ಟಗಾಗಲಿಲ್ಲ.

ಕುಷ್ಠಕ್ಕಾದರೂ ಅಂಜಬೇಕಾದ ಕಾಲವು ಹೋಯಿತು. ನಾರ್ವೆ ದೇಶದ ಹ್ಯಾನ್ಸೆನ್ ಎಂಬ ವೈದ್ಯನು 1873ರಲ್ಲಿಯೇ ಅದರ ರೋಗಾಣುವನ್ನು ಕಂಡು, ಅದು ಶಾಪವಲ್ಲವೆಂದು ತೋರಿಸಿದನು. ಆ ರೋಗಾಣುವು ಬಹು ನಿಧಾನಿ. ಶರೀರವನ್ನು ಹೊಕ್ಕು ಸಾಮಾನ್ಯವಾಗಿ ಐದು ವರ್ಷಗಳ ಮೇಲೆ ತಲೆದೋರುವುದು, ಇಪ್ಪತ್ತು ವರ್ಷ ಹಿಡಿಯುವುದೂ ಉಂಟು. ನೂರರಲ್ಲಿ ತೊಂಬತ್ತೈದರಷ್ಟು ಜನರಿಗೆ ಅದನ್ನು ತಡೆಯುವ ಶಕ್ತಿಯು ಹುಟ್ಟಿನಿಂದಲೇ ಇರುವುದು. ಎರಡು ಮೂರು ಔಷಧಗಳನ್ನು ಕೂಡಿಸಿ ಕೊಡುವ ಕ್ರಮವು 1980ರ ದಶಕದ ಮೊದಲಲ್ಲಿ ಬಂದಂದಿನಿಂದ 6 ತಿಂಗಳಲ್ಲಿ, ಹೆಚ್ಚಿನ ರೋಗವಾದರೆ 12 ತಿಂಗಳಲ್ಲಿ ಅದು ವಾಸಿಯಾಗುತ್ತದೆ. ಔಷಧವನ್ನು ಸರ್ಕಾರವು ಧರ್ಮಾರ್ಥವಾಗಿ ಕೊಡುವುದು. ಚಿಕಿತ್ಸೆಯು ಆರಂಭವಾದ ಸ್ವಲ್ಪ ಕಾಲದಲ್ಲಿಯೇ ರೋಗಿಯಿಂದ ಇತರರಿಗೆ ಅಂಟುವುದು ನಿಲ್ಲುವುದು. ಕುಷ್ಠರೋಗಿಗಳನ್ನು ಬೇರ್ಪಡಿಸಿಡಲು ಬ್ರಿಟಿಷರು 1898ರಲ್ಲಿ ಮಾಡಿದ್ದ ಶಾಸನವನ್ನು ಪಾರ್ಲಿಮೆಂಟು 2016ರಲ್ಲಿ ರದ್ದುಮಾಡಿತು. ಅದು ವಿವಾಹವಿಚ್ಛೇದನಕ್ಕೆ ಕಾರಣವಾಗಬಹುದೆಂದಿದ್ದ ಮಾತನ್ನು ವಿವಾಹದ ಶಾಸನಗಳಿಂದ 2019ರಲ್ಲಿ ತೆಗೆದುಹಾಕಲಾಯಿತು. ಶಾಸನವು ಬಿಟ್ಟರೂ ನಮ್ಮ ಮನೆಯ ಬಾಗಿಲುಗಳು ಇನ್ನೂ ಬಿಡದಿರುವುದು ಬೇರೆಯ ಮಾತು. ದೇಶದ ಲೆಕ್ಕದಲ್ಲಿ ಕುಷ್ಠವು ಹತ್ತುಸಾವಿರಕ್ಕೆ ಒಬ್ಬರಿಗಿಂತ ಕಡಮೆಯಾಯಿತೆಂದು 2005ರ ಕೊನೆಯಲ್ಲಿ ಸಾರಿದರೂ, ಪ್ರಪಂಚದಲ್ಲಿ ಪ್ರತಿ ವರ್ಷ ಕಾಣಿಸಿಕೊಳ್ಳುವ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾರತದವರೇ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಮೈಮೇಲೆ ಮಚ್ಚೆಯಿದೆಯೇ ಎಂದು ಕೇಳಿದರೆ ಸಿಟ್ಟಾಗಕೂಡದು.

ಇನ್ನು ತೊನ್ನಿನ ಚಿಕಿತ್ಸೆ. ಇದರಲ್ಲಿ ನಮ್ಮ ನಾಡಿನ ಒಂದು ಗಿಡಕ್ಕೆ ದೊಡ್ಡ ಸ್ಥಾನವಿದೆ. ಅದು ಬಾವಂಚಿ. ಅದರ ಬೀಜವನ್ನು ಅರೆದು ಲೇಪಿಸಿ ಬಿಸಿಲು ಕಾಯಿಸುವ ಕ್ರಮವು ನಮ್ಮ ವೈದ್ಯದಲ್ಲಿ ಬಹು ಪ್ರಾಚೀನವಾದದ್ದು. ಈಜಿಪ್ಟಿನವರು ತಮ್ಮ ನೈಲ್ ನದಿಯ ಬಯಲಿನ ಬೇರೊಂದು ಗಿಡದಿಂದ ಇದೇ ಕೆಲಸವನ್ನು ಮಾಡುತ್ತಿದ್ದರು. 1940ರ ದಶಕದಲ್ಲಿ ಅಲ್ಲಿಯ ವಿಜ್ಞಾನಿಗಳು ಆ ಗಿಡದ ಸಾರವನ್ನು ಬೇರ್ಪಡಿಸಿದರು. ಎಲ್ ಮೊಫ್ತಿ ಎಂಬ ವೈದ್ಯನು ಅದನ್ನು ತೊನ್ನಿಗೆ ಪ್ರಯೋಗಿಸಿ ಪ್ರಕಟಿಸಿದನು. ಎರಡು ಗಿಡಗಳಲ್ಲಿಯೂ ಇರುವುದು ಸೊರಾಲೆನ್ ಎಂಬ ಒಂದೇ ಜಾತಿಯ ದ್ರವ್ಯ. ಅದು ತಾನಾಗಿ ಏನನ್ನೂ ಮಾಡದು. ಸೂರ್ಯನ ಕಿರಣವು ತಗಲಿದೊಡನೆ ಉರಿದೇಳುವುದು. ಆದುದರಿಂದ ಅಳತೆ ತಪ್ಪಿದರೆ ಚರ್ಮವು ಬೆಂದು ಬೊಬ್ಬೆಯೇಳುವುದು. ಯಾರೋ ಹೇಳಿದರೆಂದು ಬಾವಂಚಿಯ ಎಣ್ಣೆಯನ್ನು ಬಳಿದುಕೊಂಡು ಮಧ್ಯಾಹ್ನದ ಬಿಸಿಲಿನಲ್ಲಿ ಗದ್ದೆಯ ಕೆಲಸಕ್ಕೆ ಹೋದವರ ಕೈಗಳನ್ನು ನೋಡಿದರೆ ತಮಗೆ ಈ ಮಾತಿನ ಅರ್ಥವಾಗುತ್ತಿತ್ತು. ಚಿತ್ರಮೂಲ, ಕಾಡುಗೇರು ಮೊದಲಾದ ಸುಡುವ ದ್ರವ್ಯಗಳನ್ನಂತೂ ಮುಟ್ಟಲೇ ಕೂಡದು. ಸುಟ್ಟ ಗಾಯದ ಸುತ್ತ ಹೊಸ ಬಿಳುಪು ಹುಟ್ಟುವುದು.

ಈಗ ಆಸ್ಪತ್ರೆಗಳಲ್ಲಿ ಸೊರಾಲೆನ್ನಿಗಿಂತ ಹೆಚ್ಚಾಗಿ ಬಳಸುವುದು ಕೇವಲ ಬೆಳಕನ್ನೇ. ಸೂರ್ಯನ ಬೆಳಕಿನಲ್ಲಿ ಅಡಗಿರುವ ಕಣ್ಣಿಗೆ ಕಾಣದ ಒಂದು ಕಿರಣವನ್ನು ಮಾತ್ರ ಆರಿಸಿ ಕೊಡುವ ದೀಪಗಳುಂಟು. ನ್ಯಾರೋ ಬ್ಯಾಂಡ್ ಎಂಬ ಈ ಚಿಕಿತ್ಸೆಯು ತೊನ್ನಿಗೆ ಉಪಯುಕ್ತವೆಂದು 1997ರಲ್ಲಿ ಹಾಲೆಂಡಿನ ವೈದ್ಯರು ತೋರಿಸಿದರು. ಗರ್ಭಿಣಿಯರಿಗೂ ಮಕ್ಕಳಿಗೂ ಇದು ಸಲ್ಲುವುದು. ಅದರೊಡನೆ ಮಚ್ಚೆಗಳಿಗೆ ಹಚ್ಚಲು ಸ್ಟೀರಾಯ್ಡ್ ಮುಲಾಮನ್ನು, ಮುಖಕ್ಕಾದರೆ ಟ್ಯಾಕ್ರೋಲಿಮಸ್ ಎಂಬ ಮುಲಾಮನ್ನು ಕೊಡುವರು. ರೋಗವು ವೇಗವಾಗಿ ಹಬ್ಬುತ್ತಿದ್ದರೆ ಅದನ್ನು ತಡೆಯಲು ವಾರದಲ್ಲಿ ಎರಡು ದಿನ ಮಾತ್ರ ಸ್ಟೀರಾಯ್ಡ್ ಗುಳಿಗೆಗಳನ್ನು ಕೊಡುವ ಕ್ರಮವೊಂದುಂಟು. ಅದನ್ನು 1993ರಲ್ಲಿ ಪ್ರಕಟಿಸಿದವರು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಪಸ್ರೀಚಾ ಮತ್ತು ಖೈತಾನ್ ಎಂಬ ನಮ್ಮ ದೇಶದ ವೈದ್ಯರೇ. ಕಾವಲುಗಾರ ಕಣಗಳ ತಪ್ಪು ಕರೆಯನ್ನೇ ತಡೆಹಿಡಿಯುವ ರಕ್ಸೋಲಿಟಿನಿಬ್ ಎಂಬ ಮುಲಾಮಿಗೆ 2022ರಲ್ಲಿ ಅಮೆರಿಕಾದಲ್ಲಿ ಅನುಮತಿ ದೊರೆಯಿತು. ಒಂದು ವರ್ಷಕ್ಕೆ ಕಡಮೆಯಿಲ್ಲದೆ ಹಬ್ಬದೆ ನಿಂತ ಮಚ್ಚೆಗಳಿಗೆ, ತೊಡೆಯ ಒಳ್ಳೆಯ ಚರ್ಮದಿಂದ ವರ್ಣಕೋಶಗಳನ್ನು ತೆಗೆದು ನಾಟಿ ಮಾಡುವ ಶಸ್ತ್ರಕ್ರಿಯೆಯೂ ಉಂಟು. ಭತ್ತದ ನಾಟಿಯನ್ನು ಬಲ್ಲ ತಮಗೆ ಇದನ್ನು ವಿವರಿಸಬೇಕಾಗಿಲ್ಲ. ಹಬ್ಬುತ್ತಿರುವ ರೋಗದಲ್ಲಿ ಮಾತ್ರ ಈ ನಾಟಿಯು ನಿಲ್ಲದು.

ಬಣ್ಣವು ಹಿಂತಿರುಗುವ ರೀತಿಯು ನೋಡತಕ್ಕದ್ದು. ಚರ್ಮದ ವರ್ಣಕೋಶಗಳು ಸತ್ತರೂ ಕೂದಲಿನ ಬುಡದಲ್ಲಿ ಕೆಲವು ಅಡಗಿ ಉಳಿದಿರುವುವು. ಚಿಕಿತ್ಸೆಯು ಫಲಿಸಿದಾಗ ಅವು ಹೊರಟು ಬಂದು, ಮಚ್ಚೆಯ ನಡುವೆ ರಾಗಿಯ ಕಾಳಿನಷ್ಟು ಕಪ್ಪು ಚುಕ್ಕೆಗಳಾಗಿ ಕಾಣಿಸಿಕೊಂಡು, ಚುಕ್ಕೆಗಳು ಹರಡಿ ಕೂಡಿಕೊಳ್ಳುವುವು. ಆದಕಾರಣ ಮುಖದಲ್ಲಿ ಗುಣವು ಚೆನ್ನಾಗಿ ಆಗುವುದು. ಕೂದಲಿಲ್ಲದ ಬೆರಳ ತುದಿ, ತುಟಿ, ಅಂಗೈಗಳಲ್ಲಿ ಬಹು ಕಷ್ಟ. ಮಚ್ಚೆಯ ಮೇಲಿನ ಕೂದಲೂ ನರೆತಿದ್ದರೆ ಬುಡದ ದಾಸ್ತಾನೇ ಮುಗಿದಿದೆಯೆಂದು ತಿಳಿಯಬೇಕು. ಇಂತಹ ಕಡೆಗಳಲ್ಲಿಯೂ ಪೂರ್ತಿ ವಾಸಿಮಾಡುವೆನೆಂದು ಮಾತುಕೊಟ್ಟು ಹಣವನ್ನು ತೆಗೆದುಕೊಳ್ಳುವವರನ್ನು ನಂಬಕೂಡದು. ವಾಸಿಯಾದ ಮಚ್ಚೆಯು ಮರಳಿ ಬರುವುದೂ ಉಂಟು.

ಕಷ್ಟವಿರುವುದು ಕಾಲದಲ್ಲಿ. ವಾರಕ್ಕೆ ಎರಡು ಮೂರು ಸಾರಿಯಂತೆ ಆರು ತಿಂಗಳಿಂದ ಒಂದು ವರ್ಷದವರೆಗೆ ಬೆಳಕಿನ ಚಿಕಿತ್ಸೆಯನ್ನು ನಡೆಸಬೇಕು. ಮೊದಲನೆಯ ಎರಡು ಮೂರು ತಿಂಗಳಲ್ಲಿ ಏನೂ ಕಾಣದಿರಬಹುದು. ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆ, ಜೆ.ಎಸ್.ಎಸ್. ಆಸ್ಪತ್ರೆ ಇವುಗಳಲ್ಲಿ ಚರ್ಮರೋಗದ ವಿಭಾಗಗಳಿರುವುವು. ಆದರೆ ಈ ಹೋಬಳಿಯ ಕೂಲಿಗಾರನೊಬ್ಬನು ವಾರಕ್ಕೆ ಎರಡು ದಿನ ಮೈಸೂರಿಗೆ ಹೋಗಿಬರಬೇಕಾದರೆ ಬಸ್ಸಿನ ಖರ್ಚಿಗಿಂತ ಹೋದ ಕೂಲಿಯೇ ಹೆಚ್ಚು. ಅರ್ಧದಲ್ಲಿಯೇ ಬಿಡುವವರು ಬಹುಮಂದಿ ಇಂತಹವರು, ಅವರನ್ನು ಸೋಮಾರಿಗಳೆನ್ನಲಾಗದು. ಅಂತಹವರು ತಮ್ಮ ಅನುಕೂಲವನ್ನು ವೈದ್ಯರಿಗೆ ಮುಚ್ಚದೆ ಹೇಳಬೇಕು. ಮುಲಾಮಿನೊಡನೆ ಬೆಳಗಿನ ಎಳೆಬಿಸಿಲನ್ನು ಅಳತೆಯಿಂದ ಕಾಯಿಸುವುದು, ಮನೆಯಲ್ಲಿಯೇ ಹಿಡಿದುಕೊಳ್ಳುವ ಸಣ್ಣ ದೀಪ ಮುಂತಾದ ಉಪಾಯಗಳನ್ನು ವೈದ್ಯರು ಸೂಚಿಸಬಲ್ಲರು. ಅಂಗಡಿಯಲ್ಲಿ ಸ್ಟೀರಾಯ್ಡ್ ಮುಲಾಮನ್ನು ತಾವಾಗಿಯೇ ಕೊಂಡು ವರ್ಷಗಟ್ಟಳೆ ತಿಕ್ಕುವುದು ಉಪಾಯವಲ್ಲ. ಚರ್ಮವು ಈರುಳ್ಳಿಯ ಸಿಪ್ಪೆಯಂತೆ ತೆಳುವಾಗುವುದು. ಅಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು 2018ರಲ್ಲಿ ಕೇಂದ್ರ ಸರ್ಕಾರವು ವಿಧಿಸಿತು.

ಪಥ್ಯದ ವಿಷಯದಲ್ಲಿ ಬಹಳ ಹೇಳಬೇಕಾಗಿಲ್ಲ. ಹುಳಿ ಬಿಡಬೇಕು, ನಿಂಬೆ ಬಿಡಬೇಕು, ಹಾಲು ಮೊಸರು ಬಿಡಬೇಕು ಎಂದು ಹೇಳಿ ಬೆಳೆಯುವ ಮಕ್ಕಳನ್ನು ಬರಿಯ ಅನ್ನದ ಮೇಲೆ ಇಡುವುದರಿಂದ ಮಚ್ಚೆ ಹೋಗುವುದಿಲ್ಲ, ಮಗುವು ಸೊರಗುವುದು. ಹುಳಿಗೂ ತೊನ್ನಿಗೂ ಸಂಬಂಧವುಂಟೆಂಬುದಕ್ಕೆ ಆಧಾರವು ದೊರೆತಿಲ್ಲ. ನಿಜವಾಗಿ ಬಿಡಬೇಕಾದುದು ಉಜ್ಜಾಟವನ್ನು. ರೋಗವು ಹಬ್ಬುತ್ತಿರುವಾಗ ಚರ್ಮವು ತರಚಿದ, ಉಜ್ಜಿದ, ಸುಟ್ಟ ಕಡೆಗಳಲ್ಲಿಯೇ ಹೊಸ ಬಿಳುಪು ಹುಟ್ಟುವ ಸ್ವಭಾವವುಂಟು. ಸೊಂಟಕ್ಕೆ ಬಿಗಿದ ಲಂಗದ ಲಾಡಿ, ಪಾದರಕ್ಷೆಯ ಪಟ್ಟಿ, ಮೈತಿಕ್ಕುವ ಕಲ್ಲು ಇವುಗಳ ಗೆರೆಯಲ್ಲಿಯೇ ಬಿಳುಪು ಸಾಲಾಗಿ ಬರುವುದನ್ನು ನೋಡಬಹುದು.

ಇದೇ ಕಾರಣದಿಂದ ಒಂದು ಮಾತನ್ನು ಭಕ್ತರಲ್ಲಿ ಸಂಕೋಚದಿಂದಲೇ ಅರಿಕೆ ಮಾಡಿಕೊಳ್ಳುವೆನು. ತೊನ್ನು ಹಬ್ಬುತ್ತಿರುವವರು ಕಲ್ಲುಹಾಸಿನ ಮೇಲೆ ಉರುಳುಸೇವೆಯನ್ನು ಮಾಡಿದರೆ ಮೊಣಕೈ, ಮೊಣಕಾಲು, ಭುಜಗಳು ತರಚಿ ಅಲ್ಲಿಯೇ ಹೊಸ ಮಚ್ಚೆಗಳು ಏಳಬಹುದು. ಅಂತಹವರು ಕಪಿಲೆಯಲ್ಲಿ ಮಿಂದು ಪ್ರದಕ್ಷಿಣೆ ನಮಸ್ಕಾರಗಳಿಂದ ಹರಕೆಯನ್ನು ತೀರಿಸುವುದು ಲೇಸು. ನಂಜನ್ನೇ ನುಂಗಿದ ಸ್ವಾಮಿಯು ಅಷ್ಟು ಬದಲಾವಣೆಯನ್ನು ಒಪ್ಪಿಕೊಳ್ಳದಿರಲಾರನು.

ತಾಯಂದಿರಿಗೆ ಇನ್ನೊಂದು ಮಾತು. ಹಣೆಗೆ ಅಂಟಿಸುವ ಸ್ಟಿಕ್ಕರ್ ಬಿಂದಿಗಳ ಅಂಟಿನಲ್ಲಿ ಕೆಲವು ವೇಳೆ ವರ್ಣಕೋಶಗಳನ್ನು ಕೊಲ್ಲುವ ಒಂದು ರಾಸಾಯನಿಕವು ಇರುವುದೆಂದು ನಮ್ಮ ದೇಶದ ವೈದ್ಯರು ತೋರಿಸಿರುವರು. ಬಿಂದಿಯ ಅಳತೆಗೆ ಸರಿಯಾಗಿ ದುಂಡನೆಯ ಬಿಳುಪು ಬಂದಿದ್ದರೆ ಆ ದಿನವೇ ಅದನ್ನು ಬಿಡತಕ್ಕದ್ದು. ರಬ್ಬರಿನ ಚಪ್ಪಲಿಯ ಪಟ್ಟಿಯಿಂದಲೂ ಹೀಗಾಗುವುದುಂಟು. ಬೇಗ ಬಿಟ್ಟರೆ ಬಣ್ಣವು ಹಿಂತಿರುಗುವ ಸಂಭವವು ಹೆಚ್ಚು.

ವಾಸಿಯಾಗದೆ ಉಳಿದ ಮಚ್ಚೆಗಳನ್ನು ಮೈಬಣ್ಣಕ್ಕೆ ಹೊಂದುವ ಲೇಪದಿಂದ ಮರೆಮಾಡಿಕೊಳ್ಳಬಹುದು. ಮರೆಮಾಡದೆ ಹಾಗೆಯೇ ಓಡಾಡಲೂಬಹುದು. ಎರಡರಲ್ಲಿ ಯಾವುದೆಂಬುದು ಆಯಾ ವ್ಯಕ್ತಿಯ ಇಷ್ಟಕ್ಕೆ ಸೇರಿದ್ದು, ನೆಂಟರ ಇಷ್ಟಕ್ಕಲ್ಲ. ಬಣ್ಣವಿಲ್ಲದ ಚರ್ಮವು ಬಿಸಿಲಿಗೆ ಬೇಗ ಸುಡುವುದರಿಂದ ಹೊಲದಲ್ಲಿ ಕೆಲಸ ಮಾಡುವವರು ಚಿಕಿತ್ಸೆಯ ಬಿಸಿಲನ್ನು ಬಿಟ್ಟು ಉಳಿದ ಹೊತ್ತು ತುಂಬುತೋಳಿನ ಅಂಗಿಯನ್ನು ತೊಡಬೇಕು.

ಸಭೆಯು ಮುಗಿದ ಮೇಲೆ ನಾನು ಸಂಜೆಯವರೆಗೂ ಪಕ್ಕದ ಕೊಠಡಿಯಲ್ಲಿ ಇರುವೆನು. ತಮ್ಮದಾಗಲಿ ಮಕ್ಕಳದಾಗಲಿ ಮಚ್ಚೆಯನ್ನು ತೋರಿಸಬೇಕೆನ್ನುವವರು ಒಬ್ಬೊಬ್ಬರಾಗಿ ಬರಬಹುದು, ಬಾಗಿಲು ಮುಚ್ಚಿಯೇ ನೋಡುವೆನು. ಹತ್ತಿಯನ್ನು ತಂದಿದ್ದೇನೆ.